ಮಲ್ಪೆಯ ಕಡಲ ಹಕ್ಕಿ, ಮನೆಯ ನಾಟಿ ಕೋಳಿ: ಹಕ್ಕಿಜ್ವರದ ಭಯಕ್ಕೆ ಪ್ರವಾಸ ಬಿಡಬೇಕಾ?

ಪ್ರಶ್ನೆ: "ಡಾಕ್ಟ್ರೇ, ನಮ್ಮದು ಚಿಂತಾಮಣಿ ಹತ್ತಿರ ಒಂದು ಹಳ್ಳಿ. ಮಗಳು ಏಳನೇ ಕ್ಲಾಸು, ಹಕ್ಕಿ ಅಂದ್ರೆ ಪ್ರಾಣ. ಡಿಸೆಂಬರ್ ಕೊನೆಯ ರಜೆಯಲ್ಲಿ ಉಡುಪಿಗೆ ಹೋಗುತ್ತಿದ್ದೇವೆ, ಹಾಗೇ ಮಲ್ಪೆ ಬಂದರಿನಲ್ಲಿ ಚಳಿಗಾಲದ ಹಕ್ಕಿಗಳನ್ನು ತೋರಿಸೋಣ ಅಂತ. ಹೋದ ವರ್ಷವೂ ಹೋಗಿದ್ದೆವು. ಸಂಜೆ ಐದರ ಮೇಲೆ ತಲುಪಿದೆವು. ಕಾಗೆ, ಹದ್ದು, ದೂರದಲ್ಲಿ ಒಂದಷ್ಟು ಬಿಳಿ ಹಕ್ಕಿ, ಅಷ್ಟೇ ಕಂಡಿದ್ದು. ಮರಳಿನ ಮೇಲೆ ಓಡಾಡುತ್ತಿದ್ದ ಪುಟ್ಟ ಹಕ್ಕಿಗಳನ್ನು ಯಾರೋ ಟಿಟ್ಟಿಭದ ಮರಿ ಅಂದರು. ಈ ಸಲ ನಮ್ಮತ್ತೆ ಬೇಡವೇ ಬೇಡ ಅಂತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಹಕ್ಕಿಜ್ವರ ಬಂದಾಗಿನಿಂದ ಅವರಿಗೆ ಭಯ. ಸೈಬೀರಿಯಾ ಹಕ್ಕಿಗಳೇ ಜ್ವರ ತರೋದು, ಮನೆಯಲ್ಲಿ ಇಪ್ಪತ್ತು ನಾಟಿ ಕೋಳಿ ಇವೆ, ನೀವು ಅಂಟಿಸಿಕೊಂಡು ಬರುತ್ತೀರಿ ಅಂತಾರೆ. ಮಗಳಿಗೆ ಕಡಲ ಹಕ್ಕಿಗಳಿಗೆ ಕೈಯಾರೆ ಪುರಿ ತಿನ್ನಿಸುವ ಆಸೆ, ಯಾವುದೋ ವಿಡಿಯೋದಲ್ಲಿ ನೋಡಿದ್ದಾಳೆ. ಹೋಗಬಹುದಾ? ಹೋದರೆ ಏನೇನು ಕಾಣುತ್ತೆ? ಇಲ್ಲಾ ನಮ್ಮ ಕೆರೆಗಳೇ ಸಾಕಾ?"

ಉತ್ತರ:

ಹೋಗಿ ಮೇಡಂ. ಸಂಜೆ ಐದಕ್ಕೆ ಮಾತ್ರ ಹೋಗಬೇಡಿ, ಪುರಿ ಪೊಟ್ಟಣ ಒಯ್ಯಬೇಡಿ, ಬಂದರಿನಲ್ಲಿ ತಿರುಗಿದ ಚಪ್ಪಲಿಯಲ್ಲೇ ಕೋಳಿ ಗೂಡಿನ ಹತ್ತಿರ ಸುಳಿಯಬೇಡಿ. ಇಷ್ಟು ಪಾಲಿಸಿದರೆ ನಿಮ್ಮತ್ತೆಯವರ ಭಯಕ್ಕೂ ಉತ್ತರ ಸಿಕ್ಕಂತೆ, ಮಗಳ ಆಸೆಗೂ ಸಿಕ್ಕಂತೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನು ಪಶುವೈದ್ಯ. ಕೋಲಾರ, ಚಿಕ್ಕಬಳ್ಳಾಪುರದ ಕೋಳಿಗಳ ಕಾಯಿಲೆ ನೋಡುವುದು ನನ್ನ ಕೆಲಸ, ಚಳಿಗಾಲದಲ್ಲಿ ಕೆರೆ ದಂಡೆಯಲ್ಲಿ ನಿಂತು ಹಕ್ಕಿ ಎಣಿಸುವುದು ನನ್ನ ಹುಚ್ಚು. ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ತುದಿ ನನಗೆ ಗೊತ್ತಿರುವ ವಿಷಯವೇ.

ಮೊದಲು ಅತ್ತೆಯವರ ಮಾತು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂದಿರುವುದು ಖಚಿತವಾಯಿತು. ಇಂಥ ಕಡೆ ಸರ್ಕಾರದ ನಿಯಮ ಬಿಗಿ. ಕಾಯಿಲೆ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು, ಹತ್ತು ಕಿಲೋಮೀಟರ್ ತನಕ ನಿಗಾ ಇಡಬೇಕು. ಸಾಕಿದ ಕೋಳಿ ಕಣ್ಣೆದುರೇ ಹೋಗುವುದು ನೋಡಿದವರಿಗೆ, ಅಥವಾ ಪಕ್ಕದೂರಿನ ಸುದ್ದಿ ಕೇಳಿದವರಿಗೆ, ಹಾರುವ ಹಕ್ಕಿ ಕಂಡರೆ ಅನುಮಾನ ಬರುವುದು ಸಹಜ.

ವಲಸೆ ಹಕ್ಕಿಗಳಿಗೂ ಈ ವೈರಸ್‌ಗೂ ನಂಟು ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬಾತು, ಹೆಬ್ಬಾತು, ಕಡಲಕ್ಕಿ ಅಂದರೆ ಗಲ್, ಇಂಥ ನೀರುಹಕ್ಕಿಗಳ ಕರುಳಿನಲ್ಲಿ ಹಕ್ಕಿಜ್ವರದ ಸಾಧು ತಳಿಗಳು ಎಂದಿನಿಂದಲೂ ಇವೆ. ಹಕ್ಕಿಗೆ ಅದರಿಂದ ತೊಂದರೆ ಇಲ್ಲ, ಹಿಕ್ಕೆಯಲ್ಲಿ ಹೊರಗೆ ಹೋಗುತ್ತೆ. ಎಚ್‌13, ಎಚ್‌16 ಅನ್ನುವ ಬಗೆಗಳಂತೂ ಹೆಚ್ಚುಕಡಿಮೆ ಗಲ್‌ಗಳದ್ದೇ. ನಮ್ಮ ಕೋಳಿಗಳನ್ನು ಸಾಯಿಸುವ ಎಚ್‌5ಎನ್‌1 ಮಾತ್ರ ಹುಟ್ಟಿದ ಕಥೆಯೇ ಬೇರೆ. ಅದು ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನಲ್ಲಿ, ಜನ ಸಾಕಿದ ಹೆಬ್ಬಾತಿನಲ್ಲಿ. ಕಾಡು ಹಕ್ಕಿಯಲ್ಲಲ್ಲ. ಸಾವಿರಾರು ಕೋಳಿ, ಬಾತುಗಳನ್ನು ಒತ್ತೊತ್ತಾಗಿ ಸಾಕುವ ಕಡೆ ವೈರಸ್ ಒಂದರಿಂದ ಒಂದಕ್ಕೆ ದಾಟುತ್ತಾ ಕ್ರೂರವಾಗುತ್ತೆ, ಆಮೇಲೆ ಅಲ್ಲಿಂದ ಕಾಡು ಹಕ್ಕಿಗಳಿಗೆ ಹೋಗುತ್ತೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತವು. ಅದರಲ್ಲಿ ಪಟ್ಟೆತಲೆ ಹೆಬ್ಬಾತುಗಳಿದ್ದವು, ನೀವು ಮಲ್ಪೆಯಲ್ಲಿ ನೋಡಲು ಹೊರಟಿರುವ ಬ್ರೌನ್ ಹೆಡೆಡ್ ಗಲ್‌ಗಳೂ ಇದ್ದವು. 2020-21ರ ಚಳಿಗಾಲದಲ್ಲಿ ಹಿಮಾಚಲದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲೂ ಹೆಬ್ಬಾತುಗಳೇ ರಾಶಿ ರಾಶಿ ಸತ್ತಿದ್ದು. ಹಕ್ಕಿಗಳು ಕಾಯಿಲೆ ಹೊರುತ್ತವೆ ಹೌದು, ಅವಕ್ಕೂ ಅದೇ ಕಾಯಿಲೆಯಿಂದ ಸಾವು ಬರುತ್ತೆ ಅನ್ನೋದೂ ಹೌದು.

ಹಳ್ಳಿಯಿಂದ ಹಳ್ಳಿಗೆ, ಫಾರಂನಿಂದ ಫಾರಂಗೆ ಇದು ಓಡಾಡುವುದು ಮಾತ್ರ ಹೆಚ್ಚಾಗಿ ರಸ್ತೆ ಮೇಲೆ. ಕೋಳಿ ತುಂಬಿದ ಗಾಡಿ, ತೊಳೆಯದ ಪಂಜರ, ಮೊಟ್ಟೆ ಟ್ರೇ, ಒಂದು ಫಾರಂ ಮುಗಿಸಿ ಇನ್ನೊಂದಕ್ಕೆ ಹೋಗುವವರ ಕಾಲು. ಕಾಯಿಲೆ ಬಿದ್ದಿದೆ ಅಂತ ಗೊತ್ತಾದ ಕೂಡಲೇ ಉಳಿದ ಕೋಳಿಯನ್ನು ಸಂತೆಗೆ ಸಾಗಿಸಿಬಿಡುವ ನಮ್ಮ ಜನರ ಅಭ್ಯಾಸ ಬೇರೆ. ಇದನ್ನು ಬೈಯಲು ಹೇಳುತ್ತಿಲ್ಲ. ಮೂರು ತಿಂಗಳ ದುಡ್ಡು ಗೂಡಿನಲ್ಲಿ ಕೂತಿದ್ದಾಗ ಯಾರಿಗಾದರೂ ಹಾಗನ್ನಿಸುತ್ತೆ. ಆದರೆ ಆಕಾಶದಲ್ಲಿ ಹೋಗುವ ಹಕ್ಕಿಯ ಮೇಲೆ ಹೊರಿಸುವ ಎಷ್ಟೋ ಅಪವಾದ ನಿಜಕ್ಕೂ ಟೆಂಪೋದ್ದು.

ಈಗ ನಿಮ್ಮ ಮನೆಯ ಲೆಕ್ಕ. ಬಂದರಿನಲ್ಲಿ ನಿಂತು ಹತ್ತು ಹದಿನೈದು ಅಡಿ ದೂರದಿಂದ ಹಕ್ಕಿ ನೋಡಿದರೆ ಮನುಷ್ಯರಿಗೆ ಹಕ್ಕಿಜ್ವರ ಹತ್ತುವುದಿಲ್ಲ. ಜನರಿಗೆ ಬಂದ ಪ್ರಕರಣಗಳೆಲ್ಲ ಹೆಚ್ಚಾಗಿ ಕಾಯಿಲೆಯ ಅಥವಾ ಸತ್ತ ಕೋಳಿಯನ್ನು ಮುಟ್ಟಿ, ಪುಕ್ಕ ಕಿತ್ತು, ಅದರ ಜೊತೆಗೇ ಬದುಕಿದವರವು. ಕಡಲ ದಂಡೆಯ ಉಪ್ಪು, ಬಿಸಿಲು, ಬಿಸಿ ವೈರಸ್‌ಗೆ ಹಿಡಿಸುವುದಿಲ್ಲ. ಅದು ತುಂಬಾ ದಿನ ಬದುಕುವುದು ತಣ್ಣಗಿನ ಸಿಹಿನೀರಿನಲ್ಲಿ. ನಿಮಗೆ ಚಿಂತೆ ಇರಬೇಕಾದದ್ದು ಒಂದೇ ಕಡೆ: ಹಿಕ್ಕೆ ಮೆತ್ತಿದ ಚಪ್ಪಲಿ. ಬಂದರಿನ ನೆಲದ ಮೇಲೆ ಹಕ್ಕಿ ಹಿಕ್ಕೆ, ಮೀನಿನ ರಕ್ತ, ಕೊಚ್ಚೆ ಎಲ್ಲಾ ಇರುತ್ತೆ. ಆ ಚಪ್ಪಲಿ ಕಾರಿನಲ್ಲಿ ಕೂತು ಚಿಂತಾಮಣಿಗೆ ಬಂದು, ಮಾರನೇ ದಿನ ಅದನ್ನೇ ಹಾಕಿಕೊಂಡು ಕೋಳಿಗೆ ಕಾಳು ಹಾಕಲು ಹೋದರೆ, ಅಪಾಯ ತೀರಾ ಕಡಿಮೆ, ಆದರೆ ಸೊನ್ನೆ ಅಲ್ಲ.

ಪರಿಹಾರ ಸುಲಭ. ಬಂದರಿಗೆ ಒಂದು ಜೊತೆ ಹಳೇ ರಬ್ಬರ್ ಚಪ್ಪಲಿ ಒಯ್ಯಿರಿ. ಅಲ್ಲೇ ಲಾಡ್ಜಿನಲ್ಲಿ ಸೋಪಿನ ನೀರಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ. ಈ ವೈರಸ್ಸಿನ ಮೇಲೆ ಕೊಬ್ಬಿನ ಪದರ ಇದೆ, ಸೋಪು ಅದನ್ನು ಒಡೆದುಹಾಕುತ್ತೆ. ಮನೆಗೆ ಬಂದ ಮೇಲೆ ಆ ಚಪ್ಪಲಿ ಕೋಳಿ ಗೂಡಿನ ಕಡೆ ಬೇಡ. ನೀವು ಇಲ್ಲದಾಗ ಕೋಳಿ ನೋಡಿಕೊಳ್ಳುವ ಅತ್ತೆಯವರೇ ಇನ್ನೊಂದೆರಡು ದಿನ ಮುಂದುವರಿಸಲಿ, ಅವರಿಗೂ ಸಮಾಧಾನ.

ಇಷ್ಟು ಹೇಳಿದ ಮೇಲೆ ಗೂಡಿನ ವಿಷಯ ಬಿಡಲಾರೆ, ಯಾಕೆಂದರೆ ನನ್ನ ಅನುಭವದಲ್ಲಿ ಮಲ್ಪೆಗಿಂತ ಜಾಸ್ತಿ ಅಪಾಯ ನಿಮ್ಮ ಹಿತ್ತಲಿನಲ್ಲೇ ಇರುತ್ತೆ. ಕೋಳಿಗಳ ನೀರಿನ ಬಾನಿ ಬಯಲಿನಲ್ಲಿದೆಯಾ? ಕಾಗೆ, ಬೆಳ್ಳಕ್ಕಿ ಅದರಲ್ಲೇ ನೀರು ಕುಡಿಯುತ್ತವಾ? ಮೊದಲು ಅದನ್ನು ಸೂರಿನಡಿಗೆ ತನ್ನಿ. ಸಂತೆಯಿಂದ ತಂದ ಹೊಸ ಹುಂಜವನ್ನು ಅದೇ ಸಂಜೆ ಗೂಡಿಗೆ ಬಿಡುತ್ತೀರಾ? ಮೂರು ವಾರ ಬೇರೆ ಕಟ್ಟಿ. ಚಳಿ ಶುರುವಾದಾಗ ನಾಟಿ ಕೋಳಿಗಳು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸಾಲಾಗಿ ಸತ್ತರೆ ನಮ್ಮ ಕಡೆ ಬಹಳ ಸಲ ಅದು ಕೊಕ್ಕರೆ ರೋಗ ಅಂದರೆ ರಾಣಿಖೇತ್, ಹಕ್ಕಿಜ್ವರ ಅಲ್ಲ. ಅದಕ್ಕೆ ಲಸಿಕೆ ಇದೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಎರಡರ ಲಕ್ಷಣವೂ ಒಂದಕ್ಕೊಂದು ಹೋಲುತ್ತವೆ, ನೋಡಿ ಹೇಳಲು ನನಗೂ ಆಗುವುದಿಲ್ಲ, ಲ್ಯಾಬೇ ಹೇಳಬೇಕು. ಹಾಗಾಗಿ ಒಟ್ಟಿಗೆ ನಾಲ್ಕೈದು ಸತ್ತರೆ ಬಾವಿಗೋ ಕೆರೆಗೋ ಎಸೆಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಸೈಬೀರಿಯಾ ವಿಷಯಕ್ಕೆ ಬರೋಣ. ನಮ್ಮಲ್ಲಿ ಚಳಿಗಾಲದಲ್ಲಿ ಹೊಸದಾಗಿ ಕಂಡ ಹಕ್ಕಿಯೆಲ್ಲ ಸೈಬೀರಿಯಾದ್ದೇ ಅಂತ ಜನ ನಂಬಿಬಿಟ್ಟಿದ್ದಾರೆ, ಅದು ನಿಜ ಅಲ್ಲ. ಶಿರಾ ಹತ್ತಿರ ಕಗ್ಗಲಡುವಿನ ಹುಣಸೆ ಮರದಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನೂ ಜನ ಹಾಗೇ ಅನ್ನುತ್ತಾರೆ. ಅವು ಅಪ್ಪಟ ನಮ್ಮ ನೆಲದವು, ನೀರು ಮೀನು ನೋಡಿಕೊಂಡು ಇಲ್ಲಿಂದಲ್ಲಿಗೆ ಹೋಗುತ್ತವೆ ಅಷ್ಟೇ. ಮಲ್ಪೆಯಲ್ಲಿ ಜಾಸ್ತಿ ಕಾಣುವ ಬ್ರೌನ್ ಹೆಡೆಡ್ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ಅಲ್ಲಿ ಚಳಿಗೆ ನೀರು ಹೆಪ್ಪುಗಟ್ಟಿದರೆ ಮೀನಿಲ್ಲ, ಹುಳವಿಲ್ಲ. ಚಳಿಗಿಂತ ಹೊಟ್ಟೆಯೇ ಅವನ್ನು ಇಲ್ಲಿಗೆ ಕಳಿಸುವುದು. ಹಾಗಂತ ಅತ್ತೆಯವರು ಪೂರ್ತಿ ತಪ್ಪೂ ಅಲ್ಲ. ಅದೇ ಗುಂಪಿನಲ್ಲಿ ಬೆನ್ನು ಕಪ್ಪು ಬೂದಿ ಬಣ್ಣದ, ಕಾಲು ಹಳದಿ ಇರುವ ಒಂದು ದೊಡ್ಡ ಗಲ್ ಕೂತಿದ್ದರೆ, ಅದು ಹ್ಯೂಗ್ಲಿನ್ಸ್ ಗಲ್. ಅದು ಬರುವುದು ರಷ್ಯಾದ ಉತ್ತರ ತುದಿಯ ಹಿಮದ ಬಯಲಿನಿಂದ.

ಸರಿ, ಹೋದ ವರ್ಷ ಯಾಕೆ ಏನೂ ಕಾಣಲಿಲ್ಲ?

ಹಕ್ಕಿ ಇರಲಿಲ್ಲ ಅಂತಲ್ಲ. ಸಂಜೆ ಐದಕ್ಕೆ ನೀವು ಪಡುವಣಕ್ಕೆ ಮುಖ ಮಾಡಿ, ಕಣ್ಣಿಗೆ ಸೂರ್ಯನನ್ನಿಟ್ಟುಕೊಂಡು ನೋಡಿದ್ದೀರಿ. ಆ ಬೆಳಕಿನಲ್ಲಿ ಗಲ್ ಕೂಡ ಕಪ್ಪಗೇ ಕಾಣುತ್ತೆ, ಕಾಗೆಯೂ ಕಪ್ಪಗೇ. ಪಶ್ಚಿಮ ಕರಾವಳಿಯಲ್ಲಿ ಹಕ್ಕಿ ನೋಡುವ ಹೊತ್ತು ಬೆಳಗ್ಗೆ. ಬಿಸಿಲು ನಿಮ್ಮ ಬೆನ್ನಿಗೆ ಬಿದ್ದು ಹಕ್ಕಿಯ ಮೈಮೇಲೆ ಹರಡುತ್ತೆ, ಕಣ್ಣಿನ ಬಣ್ಣ ಕೂಡ ನೋಡಿ ಹೇಳಬಹುದು. ಎರಡನೆಯದು, ಬಂದರಿಗೆ ಹಕ್ಕಿ ಬರುವುದು ಮೀನಿಗೆ. ಬೋಟುಗಳು ದಕ್ಕೆಗೆ ಬಂದು, ಮೀನು ಇಳಿಸಿ, ಬಂಗುಡೆ ಬೂತಾಯಿ ಒಂದು ಕಡೆ, ಕೆಲಸಕ್ಕೆ ಬಾರದ ಸಣ್ಣ ಮೀನು ಇನ್ನೊಂದು ಕಡೆ ಮಾಡುತ್ತಾರಲ್ಲ, ಬಲೆ ತೊಳೆಯುತ್ತಾರಲ್ಲ, ಆ ಹೊತ್ತಿಗೆ ಹಕ್ಕಿಗಳ ಜಾತ್ರೆ. ಬೆಳಕು ಹರಿಯುವಾಗಲೇ ಅಲ್ಲಿರಿ, ಎಂಟೂವರೆ ಒಂಬತ್ತರ ತನಕ ನೋಡಿ. ಮೀನಿನ ವಾಸನೆಗೆ ಹೊಟ್ಟೆ ತೊಳಸಿದರೆ ಬೆಳಗಿನ ತಿಂಡಿ ಆಮೇಲೆ ತಿನ್ನಿ.

ಡಿಸೆಂಬರ್ ಒಳ್ಳೆಯ ತಿಂಗಳು. ಗಲ್‌ಗಳು ಅಕ್ಟೋಬರ್, ನವೆಂಬರ್‌ಗೆ ಬಂದು ಮಾರ್ಚ್, ಏಪ್ರಿಲ್‌ಗೆ ಹೊರಡುತ್ತವೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ, ಆಗ ಬಂದರು ಖಾಲಿ, ಈ ಹಕ್ಕಿಗಳೂ ಇರುವುದಿಲ್ಲ.

ಇನ್ನು ಗಲ್ ಗುರುತಿಸುವ ಕಷ್ಟ. ಮಗಳಿಗೆ ಇದೇ ಮಜಾ ಕೊಡುವ ಭಾಗ. ಪುಸ್ತಕದಲ್ಲಿ ಬ್ರೌನ್ ಹೆಡೆಡ್ ಗಲ್‌ಗೆ ಕಾಫಿ ಬಣ್ಣದ ತಲೆ ಇರುತ್ತೆ, ಬ್ಲ್ಯಾಕ್ ಹೆಡೆಡ್ ಗಲ್‌ಗೂ ಕಡು ಕಂದು ತಲೆ. ಡಿಸೆಂಬರ್‌ನಲ್ಲಿ ನೋಡಿದರೆ ಎರಡಕ್ಕೂ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು. ಮರಿ ಮಾಡುವ ಕಾಲಕ್ಕಷ್ಟೇ ಆ ಬಣ್ಣ, ಮಾರ್ಚ್ ಹೊತ್ತಿಗೆ ಮತ್ತೆ ಏರುತ್ತೆ. ತಲೆ ಬಿಟ್ಟು ರೆಕ್ಕೆ ತುದಿ ನೋಡಿ. ಹಾರುವಾಗ ತುದಿ ದಟ್ಟ ಕಪ್ಪಾಗಿ ಅದರೊಳಗೆ ಬಿಳಿ ಚುಕ್ಕೆ ಕಂಡರೆ ಬ್ರೌನ್ ಹೆಡೆಡ್. ರೆಕ್ಕೆಯ ಮುಂದಿನ ಅಂಚು ಉದ್ದಕ್ಕೆ ಬಿಳಿ ಪಟ್ಟಿಯಾಗಿ, ಕಪ್ಪು ಬರೀ ಹಿಂಬದಿಯಲ್ಲಿ ತೆಳ್ಳಗಿದ್ದರೆ ಬ್ಲ್ಯಾಕ್ ಹೆಡೆಡ್. ಹತ್ತಿರ ಕೂತಿದ್ದರೆ ಕಣ್ಣು ನೋಡಿ, ಬಲಿತ ಬ್ರೌನ್ ಹೆಡೆಡ್ ಗಲ್‌ದು ತಿಳಿಬಣ್ಣ, ಒಂಥರಾ ಸಿಟ್ಟಿನ ನೋಟ. ಇನ್ನೊಂದರದ್ದು ಕಪ್ಪು ಕಣ್ಣು, ಸಾಧು ಮುಖ. ಬಾಲದ ತುದಿಗೆ ಕಪ್ಪು ಪಟ್ಟಿ, ರೆಕ್ಕೆ ಮೇಲೆ ಕಂದು ಕಲೆ ಇದ್ದರೆ ಅದು ಆ ವರ್ಷದ ಮರಿ, ಮೊದಲ ಸಲ ಕಡಲು ನೋಡುತ್ತಿದೆ.

ದೊಡ್ಡ ಗಲ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವು ಪೂರ್ತಿ ಬಲಿಯಲು ನಾಲ್ಕು ವರ್ಷ, ಪ್ರತಿ ವರ್ಷವೂ ಬೇರೆ ಬೇರೆ ಗರಿ, ಹಳೇ ಪಂಟರುಗಳೇ ದಂಡೆ ಮೇಲೆ ನಿಂತು ಜಗಳ ಆಡುತ್ತಾರೆ. "ದೊಡ್ಡ ಗಲ್" ಅಂತ ಬರೆದುಕೊಂಡರೆ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ. ಮೊಬೈಲ್‌ನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡಿದ್ದರೆ ಮಿಕ್ಕ ಹಕ್ಕಿಗಳಿಗೆ ಒಳ್ಳೇದು, ಗಲ್ ಮರಿಗಳ ವಿಷಯದಲ್ಲಿ ಅದು ಹೇಳಿದ್ದೇ ವೇದವಾಕ್ಯ ಅಂತ ತಗೋಬೇಡಿ.

ನಿಮ್ಮ "ಬಿಳಿ ಹಕ್ಕಿ"ಗಳಲ್ಲಿ ಅರ್ಧ ಗಲ್ ಆಗಿರಲಿಕ್ಕಿಲ್ಲ, ಟರ್ನ್ ಇರಬಹುದು, ಕನ್ನಡದಲ್ಲಿ ರೀವ. ತೆಳ್ಳಗಿನ ಮೈ, ಚೂಪು ರೆಕ್ಕೆ, ಹಾರುವಾಗ ಕೊಕ್ಕು ನೀರಿನ ಕಡೆಗೆ ಇಳಿಬಿಟ್ಟಿರುತ್ತೆ. ನೀರಲ್ಲಿ ತೇಲಿಬಿಟ್ಟ ಬೋಯ್ ಮೇಲೆ, ನೆಟ್ಟ ಕಂಬದ ಮೇಲೆ ಸಾಲಾಗಿ ಕೂರುತ್ತವೆ. ಕೊಕ್ಕು ಕಿತ್ತಳೆ ಬಣ್ಣದ್ದಾದರೆ ಲೆಸ್ಸರ್ ಕ್ರೆಸ್ಟೆಡ್, ಹಸಿರು ಮಿಶ್ರಿತ ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಗಿಡ್ಡ ದಪ್ಪ ಕಪ್ಪು ಕೊಕ್ಕಾದರೆ ಗಲ್ ಬಿಲ್ಡ್. ಕ್ಯಾರೆಟ್ಟಿನಂಥ ಕೆಂಪು ಕೊಕ್ಕಿನ ದೊಡ್ಡದೊಂದು ಕಂಡರೆ ಕ್ಯಾಸ್ಪಿಯನ್ ಟರ್ನ್, ಅವತ್ತು ನಿಮ್ಮ ಅದೃಷ್ಟ.

ಹದ್ದು ಅಂತ ಬಿಟ್ಟಿರಲ್ಲ, ಅಲ್ಲೂ ಸ್ವಲ್ಪ ನಿಲ್ಲಬೇಕಿತ್ತು. ಬಂದರಿನ ಮೇಲೆ ಸುತ್ತುವುದರಲ್ಲಿ ಬಾಲ ಕವೆಯಂತೆ ಸೀಳಿದ್ದರೆ ಹದ್ದು, ದುಂಡಗಿದ್ದರೆ ಗರುಡ. ಗರುಡದ ಮರಿಗೆ ಬಿಳಿ ತಲೆ ಬಂದಿರುವುದಿಲ್ಲ, ಮೈಯೆಲ್ಲ ಕಂದು, ಹಾಗಾಗಿ ಬಾಲವೇ ಗತಿ. ಬೋಟಿನ ಹಗ್ಗದ ಮೇಲೆ ಕೂತ ಬೂದುಗಪ್ಪು ಬೆಳ್ಳಕ್ಕಿ ಕಂಡರೆ ಕೊಳಕು ಮೆತ್ತಿಕೊಂಡಿದೆ ಅಂದುಕೊಳ್ಳಬೇಡಿ, ಅದು ರೀಫ್ ಹೆರಾನ್, ಗಂಟಲಲ್ಲಿ ಬಿಳಿ ಮಚ್ಚೆ ಇರುತ್ತೆ. ನಮ್ಮ ಕೆರೆಗಳಲ್ಲಿ ಅದು ಸಿಗುವ ಹಕ್ಕಿಯಲ್ಲ, ಕಡಲಿನದ್ದು. ಮೇಲೆ ಎತ್ತರದಲ್ಲಿ ಬಿಳಿ ಹೊಟ್ಟೆ, ಗಿಡ್ಡ ಬಾಲದ ಭಾರಿ ಹಕ್ಕಿ ತೇಲಿದರೆ ಕಡಲ ಹದ್ದು. ಅದು ವಲಸೆ ಬಂದದ್ದಲ್ಲ, ಅಲ್ಲೇ ಊರಿನದು.

ಟಿಟ್ಟಿಭದ ಮರಿ ಅಂದರಲ್ಲ, ಅದಲ್ಲ. ಟಿಟ್ಟಿಭ ಸಾಮಾನ್ಯವಾಗಿ ಮರಿ ಮಾಡುವುದು ಬೇಸಿಗೆಯಿಂದ ಮಳೆಗಾಲದವರೆಗೆ, ಡಿಸೆಂಬರ್‌ನಲ್ಲಿ ಮರಳು ತುಂಬಾ ಮರಿ ಎಲ್ಲಿಂದ ಬರಬೇಕು? ನೀವು ಕಂಡದ್ದು ಬಹುಶಃ ಸ್ಯಾಂಡ್ ಪ್ಲೋವರ್. ಸರ್ರನೆ ಓಡಿ, ಗಕ್ಕನೆ ನಿಂತು, ಬಗ್ಗಿ ಹುಳ ಹೆಕ್ಕುತ್ತವೆ. ಅಲೆಯ ಹಿಂದೆಯೇ ಓಡಿ, ಅಲೆ ಬಂದಾಗ ವಾಪಸ್ ಓಡಿಬರುವ ಬೆಳ್ಳಗಿನವು ಸ್ಯಾಂಡರ್ಲಿಂಗ್, ಅವು ಉತ್ತರ ಧ್ರುವದ ಹತ್ತಿರದಲ್ಲಿ ಮರಿ ಮಾಡಿ ಬಂದವು. ಮಕ್ಕಳಿಗೆ ಇವನ್ನು ಅಟ್ಟಿಸಿಕೊಂಡು ಓಡುವ ಚಪಲ, ಫೋಟೋಕ್ಕೋಸ್ಕರ ಅಪ್ಪಂದಿರೇ ಓಡಿಸುವುದೂ ಉಂಟು. ಅಷ್ಟು ಪುಟ್ಟ ಹಕ್ಕಿ ಮಾರ್ಚ್‌ನಲ್ಲಿ ಸಾವಿರಾರು ಕಿಲೋಮೀಟರ್ ಹಾರಬೇಕು, ಅದಕ್ಕೆ ಈಗ ತಿಂದು ಕೊಬ್ಬು ಕೂಡಿಡಬೇಕು. ಪ್ರತಿ ಸಲ ಎಬ್ಬಿಸಿದಾಗ ಒಂದಷ್ಟು ಖರ್ಚಾಗುತ್ತೆ. ಮರಳಿನ ಮೇಲೆ ಕೂತುಬಿಡಿ, ಹದಿನೈದು ನಿಮಿಷ ಅಲ್ಲಾಡದೆ ಕೂತರೆ ಅವೇ ಹತ್ತಿರ ಬರುತ್ತವೆ.

ಪುರಿ ವಿಷಯ. ವಿಡಿಯೋದಲ್ಲಿ ನೋಡಿದ್ದು ಬಹುಶಃ ದೆಹಲಿ ಯಮುನಾ ಘಾಟ್ ಅಥವಾ ಮುಂಬಯಿ ಕಡೆಯದ್ದು. ದೋಣಿಯಲ್ಲಿ ಕೂತು ಸೇವು ಎರಚುತ್ತಾರೆ, ಗಲ್‌ಗಳು ಮುತ್ತಿಕೊಳ್ಳುತ್ತವೆ, ನೋಡಲು ಚೆಂದ. ಮೀನು, ಹುಳ ತಿನ್ನುವ ಹಕ್ಕಿಗೆ ಪುರಿ, ಸೇವು, ಕುರುಕಲು ಬರೀ ಹೊಟ್ಟೆ ತುಂಬಿಸುತ್ತೆ, ಬೇಕಾದ ಪೋಷಣೆ ಕೊಡುವುದಿಲ್ಲ. ಅದಕ್ಕಿಂತ, ಒಂದೇ ಕಡೆ ನೂರಾರು ಹಕ್ಕಿ ಮೈಗೆ ಮೈ ತಾಗಿಸಿ ಮುತ್ತಿದರೆ ಒಂದರ ಕಾಯಿಲೆ ಇನ್ನೊಂದಕ್ಕೆ ಹೋಗಲು ಅನುಕೂಲ ಮಾಡಿಕೊಟ್ಟ ಹಾಗೆ. ಕೈಯಿಂದ ತಿನ್ನಿಸಿದರೆ ಕೊಕ್ಕು, ಹಿಕ್ಕೆ ಮಗಳ ಕೈಗೂ ತಾಗುತ್ತೆ, ಅದೇ ಕೈಯಲ್ಲಿ ಅವಳೂ ಪುರಿ ತಿನ್ನುತ್ತಾಳೆ. ಹಕ್ಕಿಜ್ವರಕ್ಕಿಂತ ಮುಂಚೆ ಸಾಲ್ಮೊನೆಲ್ಲಾದಂಥ ಹೊಟ್ಟೆ ಕಾಯಿಲೆ ಬರುತ್ತೆ. ಮಲ್ಪೆಯಲ್ಲಿ ಅವಕ್ಕೆ ಮೀನು ಬೇಕಾದಷ್ಟಿದೆ, ನಮ್ಮ ಧರ್ಮದ ಊಟ ಬೇಡ. ಸತ್ತ ಅಥವಾ ತೂಕಡಿಸುವ ಹಕ್ಕಿ ಕಂಡರೆ ಮುಟ್ಟದೆ ದೂರದಿಂದ ಫೋಟೋ ತೆಗೆದು ಅಲ್ಲಿನ ಪಶು ಇಲಾಖೆಗೋ ಅರಣ್ಯದವರಿಗೋ ತಿಳಿಸಿ. ತಿಂಡಿಗೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಮಾಸ್ಕ್ ಬೇಡ. ಮೀನೂಟ, ಕೋಳಿ ಸುಕ್ಕ ಎಲ್ಲಾ ಆರಾಮಾಗಿ ತಿನ್ನಿ, ಚೆನ್ನಾಗಿ ಬೆಂದಿದ್ದರೆ, ಒಳಗಿನ ತನಕ 70 ಡಿಗ್ರಿ ಬಿಸಿ ಮುಟ್ಟಿದ್ದರೆ ವೈರಸ್ ಉಳಿಯಲ್ಲ.

ಬಂದರಿನಲ್ಲಿ ನಿಜವಾಗಿ ಅಪಾಯ ತರುವುದು ವೈರಸ್ ಅಲ್ಲ, ಜಾರುವ ನೆಲ. ಮೀನಿನ ಲೋಳೆ, ಐಸ್ ನೀರು, ಬಿಗಿದ ಹಗ್ಗ, ಹಿಂದಕ್ಕೆ ಬರುವ ಲಾರಿ, ತಲೆಮೇಲೆ ಬುಟ್ಟಿ ಹೊತ್ತು ಓಡುವ ಹೆಂಗಸರು. ಅವರ ದುಡಿಮೆಯ ಹೊತ್ತು ಅದು. ದಕ್ಕೆಯ ಅಂಚಿಗೆ ಹೋಗದೆ ಒಂದು ಗೋಡೆ ಪಕ್ಕ ನಿಲ್ಲಿ, ಮಗಳ ಕೈ ಹಿಡಿದಿರಿ, ಜನರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುಂಚೆ ಕೇಳಿ. "ಹಕ್ಕಿ ನೋಡಲಿಕ್ಕೆ ಬಂದಿದ್ದೇವೆ" ಅಂದರೆ ನಗುತ್ತಾರೆ, ಆದರೆ ಯಾವ ಬೋಟಿನ ಹಿಂದೆ ಹಕ್ಕಿ ಜಾಸ್ತಿ ಅಂತ ಅವರಿಗೇ ಗೊತ್ತು. ಗದ್ದಲ ಬೇಡ ಅನ್ನಿಸಿದರೆ ಪಕ್ಕದಲ್ಲೇ ಸೀ ವಾಕ್ ಇದೆ, ಅಲ್ಲಿಂದಲೂ ಬಂದರಿನ ಬಾಯಿ ಕಾಣುತ್ತೆ. ತಡೆಗೋಡೆಯ ಬಂಡೆಗಳ ಮೇಲೆ ಮಾತ್ರ ಇಳಿಯಬೇಡಿ, ಪಾಚಿ ಜಾರುತ್ತೆ.

ಇನ್ನೊಂದು ಬೆಳಗ್ಗೆ ಕೈಯಲ್ಲಿದ್ದರೆ ಅದನ್ನು ಕೋಡಿ ಬೇಂಗ್ರೆಗೆ ಕೊಡಿ. ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಹೋದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಸಣ್ಣ ನೆಲ. ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಅಳಿವೆ ಅದು. ಅಲ್ಲಿ ಬೋಟಿನ ಲೆಕ್ಕ ನಡೆಯುವುದಿಲ್ಲ, ನೀರಿನ ಲೆಕ್ಕ ಬೇಕು. ಇಳಿತದಲ್ಲಿ ಕೆಸರು, ಮರಳದಿಣ್ಣೆ ಹೊರಗೆ ಬಂದಾಗ ಹಕ್ಕಿಗಳು ಮೇಯಲು ಹರಡುತ್ತವೆ, ಉಬ್ಬರ ಏರುತ್ತಾ ಬಂದಾಗ ಉಳಿದ ಒಣ ತುಂಡಿನ ಮೇಲೆ ಎಲ್ಲಾ ಒಟ್ಟಾಗಿ ನಿಲ್ಲುತ್ತವೆ. ಹೊಸಬರಿಗೆ ಉಬ್ಬರ ಏರುವ ಹೊತ್ತೇ ವಾಸಿ, ಗುಂಪು ಹತ್ತಿರಕ್ಕೆ ಸಿಗುತ್ತೆ. ಉಬ್ಬರದ ವೇಳೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತೆ, ಮೊಬೈಲ್‌ನಲ್ಲಿ ಆ ದಿನದ ಪಟ್ಟಿ ನೋಡಿಕೊಳ್ಳಿ. ನೀರು ಏರುವಾಗ ದಿಣ್ಣೆಯ ಮೇಲೆ ನಡೆದುಹೋಗುವ ಸಾಹಸ ಬೇಡ, ವಾಪಸ್ ದಾರಿ ಮುಚ್ಚಿಹೋಗುತ್ತೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆ ಇದಕ್ಕಿಂತ ದೊಡ್ಡ ಜಾಗ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ, ಆದರೆ ಉಡುಪಿಯಿಂದ ಇನ್ನೂ ಸುಮಾರು ಮೂರು ಗಂಟೆ ದಾರಿ. ಚಿಂತಾಮಣಿಯಿಂದ ಅಷ್ಟು ದೂರ ಕೂತು ಬಂದ ಮಗುವನ್ನು ಮತ್ತೆ ಕಾರಿನಲ್ಲಿ ಕೂರಿಸಬೇಡಿ. ಮುಂದಿನ ವರ್ಷಕ್ಕಿರಲಿ. ಕಾರವಾರದಂಥ ನೌಕಾನೆಲೆ ಇರುವ ಕಡೆ ಹೋದರೆ ಉದ್ದ ಲೆನ್ಸು, ಡ್ರೋನು ಎತ್ತುವ ಮುಂಚೆ ಬೋರ್ಡು ಓದಿ.

"ನಮ್ಮ ಕೆರೆಗಳೇ ಸಾಕಾ" ಅಂದಿರಿ. ಗಲ್, ಕಡಲ ಟರ್ನ್ ನೋಡಬೇಕೆಂದರೆ ಸಾಲದು, ಮಿಕ್ಕಿದ್ದಕ್ಕೆ ಧಾರಾಳ ಸಾಕು. ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೆ ಗಾರ್ಗನಿ, ಪಿನ್‌ಟೇಲ್, ಶೊವೆಲರ್ ಬಾತುಗಳು ಬರುತ್ತವೆ, ದಂಡೆಯಲ್ಲಿ ಬಾಲ ಕುಣಿಸುವ ಕುಂಡೆಕುಸ್ಕಗಳು, ಜೊಂಡಿನ ಮೇಲೆ ತಗ್ಗಾಗಿ ಹಾರಿ ನೀರುಕೋಳಿಗಳನ್ನು ಬೆದರಿಸುವ ಮಾರ್ಶ್ ಹ್ಯಾರಿಯರ್. ಒಂದು ಬದಲಾವಣೆ ಮಾತ್ರ ನಿಮಗೂ ಕಂಡಿರಬೇಕು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆರೆ ತುಂಬಿಸುವ ಯೋಜನೆಯಲ್ಲಿ ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಬಂತು, ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕಡೆಗೆ ಎಚ್.ಎನ್. ವ್ಯಾಲಿ ನೀರು. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ಈಗ ತುಂಬಿ ನಿಂತಿವೆ. ಆ ನೀರಿನ ಗುಣದ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ನಡೆಯುವ ವಾದ ಬೇರೆಯದೇ, ಇಲ್ಲಿ ಬೇಡ. ಹಕ್ಕಿ ಮಟ್ಟಿಗೆ ಹೇಳುವುದಾದರೆ, ಆಳ ನೀರು ನೀರುಕಾಗೆಗೆ, ನೀರುಕೋಳಿಗೆ ಹಬ್ಬ. ಕಣಕಾಲುದ್ದ ನೀರು, ಕೆಸರು ಬೇಕಾದ ಸ್ಯಾಂಡ್‌ಪೈಪರ್, ಪ್ಲೋವರ್‌ಗಳಿಗೆ ದಂಡೆಯೇ ಸಿಗುವುದಿಲ್ಲ. ಅವು ತುಂಬಿದ ದೊಡ್ಡ ಕೆರೆ ಬಿಟ್ಟು ಮೇಲಿನ ಸಣ್ಣ ಕುಂಟೆ, ಕೆರೆಯ ಹಿಂಭಾಗದ ಜೌಗು ಹುಡುಕುತ್ತವೆ. ನೀವೂ ಏರಿ ಮೇಲಿಂದ ನೋಡುವುದು ಬಿಟ್ಟು ನೀರು ಒಳಬರುವ ಬಾಯಿಯ ಕಡೆ ನೋಡಿ. ಪ್ರತಿ ಜನವರಿಯಲ್ಲಿ ಏಷ್ಯಾ ಮಟ್ಟದ ನೀರುಹಕ್ಕಿ ಗಣತಿ ನಡೆಯುತ್ತೆ, 1987ರಿಂದಲೂ ಇದೆ. ನಿಮ್ಮೂರ ಕೆರೆಯ ಹಕ್ಕಿಗಳನ್ನು ಎಣಿಸಿ, ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಅದೂ ಲೆಕ್ಕಕ್ಕೆ ಸೇರುತ್ತೆ. ಏಳನೇ ಕ್ಲಾಸಿನ ಹುಡುಗಿಗೆ ಇದು ಕಷ್ಟದ ಕೆಲಸ ಅಲ್ಲ.

ಬೈನಾಕ್ಯುಲರ್ ಕೊಳ್ಳುವ ಯೋಚನೆ ಇದ್ದರೆ 8x42 ತಗೊಳ್ಳಿ. ಮಗಳ ಕೈಗೆ ಭಾರ ಅನ್ನಿಸಿದರೆ 8x30. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಅಂತ ಜಾತ್ರೆಯಲ್ಲೂ ಆನ್‌ಲೈನ್‌ನಲ್ಲೂ ಮಾರುವವು ಕೈ ನಡುಗಿದರೆ ಏನೂ ತೋರಿಸವು. ಕಡಲಿಂದ ಬಂದ ರಾತ್ರಿಯೇ ಒದ್ದೆ ಬಟ್ಟೆಯಲ್ಲಿ ಬೈನಾಕ್ಯುಲರ್ ಮೈ ಒರೆಸಿ, ಗಾಜಿಗೆ ಮೊದಲು ಊದಿ ಮರಳು ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆ. ಉಪ್ಪು ಹಾಗೇ ಬಿಟ್ಟರೆ ತಿರುಪು ಹಿಡಿದುಕೊಳ್ಳುತ್ತೆ.